ಕುರಿ ಮೆಲುಕು ಹಾಕುವವರೆಗೆ

ಮನುಷ್ಯ ತೋಳವಾಗುವ ಕಥೆಯೊಂದನ್ನು ಬರೆದುಕೊಡಿ ಎಂದು ಮಾಸಪತ್ರಿಕೆಯೊಂದರ ಸಂಪಾದಕರು ಕೇಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ನಾನು ರಾಮನಗರದ ಹೈಸ್ಕೂಲೊಂದರಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳುವವಳು. ಬಹಳ ವರ್ಷಗಳಿಂದ ಭಯದ ಕಥೆಗಳನ್ನೂ ಬರೆಯುತ್ತೇನೆ. ಹಗಲು ಜೀರ್ಣಾಂಗವ್ಯೂಹ, ಸಂಜೆ ದೆವ್ವ. ಸಂಪಾದಕರದು ಒಂದೇ ಷರತ್ತು: “ಮೇಡಂ, ಅವನು ತೋಳ ಆಗೋ ಸೀನು ಮಾತ್ರ ಜೋರಾಗಿರ್ಬೇಕು. ಓದೋರು ಬರೋದೇ ಅದಕ್ಕೆ.”

ಜೋರು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಹುಣ್ಣಿಮೆ ಬರಬೇಕು, ಮೂಳೆ ಲಟಲಟ ಮುರಿಯಬೇಕು, ಅಂಗಿ ಹರಿಯಬೇಕು, ಮೈತುಂಬ ಕೂದಲು ಹುಟ್ಟಬೇಕು, ಕೊನೆಗೆ ಊಳಿಡಬೇಕು. ಇದನ್ನೆಲ್ಲ ಓದುವಾಗ ನನಗೆ ಮೊದಲಿಂದಲೂ ಸಿಟ್ಟು ಬರುತ್ತಿತ್ತು. ಅರವತ್ತು ಕಿಲೋ ಮನುಷ್ಯ ನೂರು ಕಿಲೋ ತೋಳವಾದರೆ ಮಿಕ್ಕ ನಲವತ್ತು ಕಿಲೋ ಎಲ್ಲಿಂದ ಬಂತು? ಬಾಲದ ಮೂಳೆ ಎಲ್ಲಿತ್ತು? ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಹಾಕುತ್ತೇನೆ, ದೊಡ್ಡವರು ಬರೆದರೆ ಬಹುಮಾನ ಕೊಡುತ್ತಾರೆ. ನಾನಾದರೂ ಸರಿಯಾಗಿ ಬರೆಯುತ್ತೇನೆ ಅಂತ ಹಟ ಹಿಡಿದು ನಾಯಿಯ ತಲೆಬುರುಡೆಯ ಚಿತ್ರ ಮುಂದಿಟ್ಟುಕೊಂಡು ಕೂತೆ. ದವಡೆ ಯಾವ ಕೀಲಿನಿಂದ ಮುಂದಕ್ಕೆ ಬರಬೇಕು, ಹಲ್ಲು ಎಷ್ಟು ಕೂಡಬೇಕು, ಎಲ್ಲ ಲೆಕ್ಕ ಹಾಕಿದೆ. ಪುಸ್ತಕದ ಬದನೆಕಾಯಿ ಎಂದು ನಮ್ಮಮ್ಮ ನನ್ನನ್ನು ಸುಮ್ಮನೆ ಕರೆಯುತ್ತಿರಲಿಲ್ಲ.

ಆದರೆ ತೋಳವನ್ನು ನಾನು ಕಣ್ಣಾರೆ ಕಂಡವಳಲ್ಲ. ಕಂಡವನು ನನ್ನ ಸೋದರಮಾವ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ನಲವತ್ತು ಐವತ್ತು ಕುರಿ ಇಟ್ಟುಕೊಂಡಿದ್ದಾನೆ. ಒಂದು ಭಾನುವಾರ ಬೆಳಗಿನ ಬಸ್ಸು ಹತ್ತಿ ಅವನ ಮನೆಗೆ ಹೋದೆ.

“ತೋಳ ಕೇಳಕ್ ಬಂದಿದ್ದೀಯಾ? ಸರ್ಯಾದ್ ಟೈಮಿಗೆ ಬಂದೆ ಬುಡು” ಎಂದು ನಕ್ಕ ಮಾವ, ಪಂಚೆ ಮೇಲಕ್ಕೆತ್ತಿ ಬಲಗಾಲಿನ ಮೀನಖಂಡ ತೋರಿಸಿದ. ಮೂರು ದಿನದ ಹಿಂದೆ, ಬೆಳಗ್ಗೆ ಹೊಲದ ಬದುವಿನಲ್ಲಿ ಕುರಿ ಮೇಯುತ್ತಿದ್ದಾಗ ಒಂದು ಪ್ರಾಣಿ ಮಂದೆಗೆ ನುಗ್ಗಿತಂತೆ. ಮುಂದೆ ಹೋಗುತ್ತಿದ್ದ ಕುರಿಯ ಕಿವಿಗೆ ಬಾಯಿ ಹಾಕಿತು. ಮಾವ ದೊಣ್ಣೆಯಿಂದ ಬಾರಿಸಿದ. ಅದು ತಿರುಗಿ ಅವನ ಕಾಲಿಗೆ ಬಾಯಿ ಹಾಕಿ ಓಡಿತು.

“ತೋಳವಾ, ನಾಯಾ?” ಎಂದೆ.

“ಮಕ ನೋಡಕ್ ಬುಡ್ಲಿಲ್ಲ ಕಣವ್ವ. ಕಚ್ಚದ್ ನೋಡುದ್ರೆ ಎರಡೂ ಒಂದೇಯಾ.”

ನಾನು ಏನು ಮಾಡಿದೆ? ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಮಾವನನ್ನು ಬಿಸಿಲಿಗೆ ತಿರುಗಿ ಕೂರಲು ಹೇಳಿದೆ. ನಾಲ್ಕು ಹಲ್ಲಿನ ಗುರುತು, ಎರಡು ಆಳ, ಎರಡು ಮೇಲುಮೇಲೆ ಎಂದು ಬರೆದುಕೊಂಡೆ. ಅಂಚು ನೇರಳೆ, ನಡುವೆ ಹಳದಿ. ಮೇಲೆ ಅರಿಶಿನ, ಸುಣ್ಣ. ಒತ್ತಿದರೆ ನೋಯುತ್ತದಾ ಅಂತ ಕೇಳಿ ಒತ್ತಿಯೂ ನೋಡಿದೆ. ಮಾವ ಸಹಿಸಿಕೊಂಡು ಕೂತಿದ್ದ.

“ಭಯ ಆಗಲ್ವಾ ಮಾವ?”

ಮಾವ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ಒಮ್ಮೆ ನೋಡಿದ. “ಯಾತಕ್ಕವ್ವ ಭಯ? ಆ ಕುರೀಗೂ ಅದೇ ಅಲ್ವಾ ಕಚ್ಚಿರದು? ಅದು ಮೆಲ್ಕು ಹಾಕ್ತೈತೆ ನೋಡು. ಅದು ಮೆಲ್ಕು ಹಾಕೋಗಂಟ ನಂಗೂ ಏನೂ ಆಗಕಿಲ್ಲ.”

ಕುರಿಯ ಯೋಗಕ್ಷೇಮವನ್ನು ಮೆಲುಕಿನಿಂದ ಅಳೆಯುವುದು ಅವರ ಪದ್ಧತಿ. ಸಂಜೆ ಮಂದೆ ಮಲಗಿದ ಮೇಲೆ ಮಾವ ಒಂದು ಸುತ್ತು ಹೊಡೆದು ಯಾವುದು ಮೆಲುಕು ಹಾಕುತ್ತಿದೆ, ಯಾವುದು ಇಲ್ಲ ಎಂದು ನೋಡುತ್ತಾನೆ. ಹಾಕುತ್ತಿದ್ದರೆ ಆರೋಗ್ಯ, ನಿಲ್ಲಿಸಿದರೆ ಕಾಯಿಲೆ. ಅದರಲ್ಲಿ ತಪ್ಪೇನೂ ಇಲ್ಲ, ಪಶುವೈದ್ಯರೂ ಅದನ್ನೇ ಕೇಳುತ್ತಾರೆ. ಮಾವ ಅದೇ ಅಳತೆಗೋಲನ್ನು ತನ್ನ ಕಾಲಿಗೂ ಹಿಡಿದಿದ್ದ, ಅಷ್ಟೇ. ಬಾಯಿ ತುಂಬ ನೊರೆಯಂಥ ಹಸಿರು ತುಂಬಿಕೊಂಡು ಆ ಕುರಿ ಆರಾಮಾಗಿ ಅಗಿಯುತ್ತ ನಮ್ಮನ್ನೇ ನೋಡುತ್ತಿತ್ತು. ಎಂಥಾ ಮಾತು ಸಿಕ್ಕಿತಪ್ಪ ಅಂತ ನಾನು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು ಮಧ್ಯಾಹ್ನದ ಬಸ್ಸಿಗೆ ರಾಮನಗರಕ್ಕೆ ಬಂದೆ.

ರೇಬೀಸ್ ಬಗ್ಗೆ ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಕಚ್ಚಿದ ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ, ಅವತ್ತೇ ಸೂಜಿ ಹಾಕಿಸಿ, ಅರಿಶಿನ ಸುಣ್ಣ ಮೆತ್ತಬೇಡಿ ಎಂದು ಬೋರ್ಡಿನ ಮೇಲೆ ಬರೆಸುತ್ತೇನೆ. ಅದು ನನಗೆ ಅವತ್ತು ಒಂದು ಕ್ಷಣವೂ ನೆನಪಾಗಲಿಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡರೂ ನಂಬಲಾಗುತ್ತಿಲ್ಲ.

ಎರಡು ವಾರದಲ್ಲಿ ಕಥೆ ಮುಗಿಯಿತು. ಕುರಿ ಕಾಯುವವನೊಬ್ಬನಿಗೆ ತೋಳ ಕಚ್ಚುತ್ತದೆ, ಹುಣ್ಣಿಮೆಗೆ ಅವನ ದವಡೆ ಚಾಚುತ್ತದೆ. ಪ್ರಿಂಟ್ ತೆಗೆಸಿ ನಮ್ಮ ಶಾಲೆಯ ಉರ್ದು ಮೇಡಂಗೆ ಓದಲು ಕೊಟ್ಟೆ. ಅವರದು ರೇಷ್ಮೆ ನೂಲು ತೆಗೆಯುವ ಮನೆತನ. ನನ್ನ ಕಥೆಗಳ ಮೊದಲ ಓದುಗರು ಅವರೇ, ಮುಲಾಜಿಲ್ಲದೆ ಹೇಳುವವರೂ ಅವರೇ. “ಹುಳ ಚಿಟ್ಟೆಯಾಗುವುದನ್ನು ನೋಡಿದ್ದೀರಾ?” ಎಂದು ಒಮ್ಮೆ ಕೇಳಿದ್ದಕ್ಕೆ “ನಮ್ಮನೇಲಿ ಯಾವ ಹುಳಾನೂ ಚಿಟ್ಟೆ ಆಗಲ್ಲ ಮೇಡಂ, ಅಷ್ಟರೊಳಗೆ ಬೇಯ್ಸಿಬಿಡ್ತೀವಿ” ಅಂದಿದ್ದರು.

ಬೆಳಗಿನ ವಿರಾಮದಲ್ಲಿ ಸ್ಟಾಫ್ ರೂಮಿನಲ್ಲಿ ಓದಿ ಮುಗಿಸಿ ಹಾಳೆ ಮಡಿಸಿಟ್ಟರು.

“ಕಥೆ ಜಬರ್ದಸ್ತ್ ಐತೆ. ಆದ್ರೆ ಒಂದ್ ಡೌಟು. ಆ ಕುರಿಯವ್ನು ಸೂಜಿ ಯಾಕ್ ಹಾಕಿಸ್ಕೊಳ್ಳಲ್ಲ?”

“ಅಯ್ಯೋ, ಕಥೆಯಲ್ಲವೇ ಮೇಡಂ!”

“ಕಥೆ ಅಂದ್ರೆ? ನಮ್ ಚಿಕ್ಕೋನಿಗೆ ರೇಷ್ಮೆಗೂಡಿನ ಮಾರ್ಕೆಟ್ ಹತ್ರ ನಾಯಿ ಬರೀ ಪರಚಿದ್ದಕ್ಕೇ ಅವತ್ತೇ ಎತ್ಕೊಂಡು ಓಡಿದ್ವಿ. ಇವ್ನ ಮನೇಲಿ ಗಾಯ ನೋಡ್ದೋರು ಯಾರೂ ಹೇಳಲ್ವಾ?”

ಬಾಯಿಗಿಟ್ಟಿದ್ದ ಟೀ ಲೋಟ ಕೆಳಗಿಟ್ಟೆ. ಮಾವನಿಗೆ ಕಚ್ಚಿದಂದಿನಿಂದ ದಿನ ಎಣಿಸಿದೆ. ಹದಿನೆಂಟು ದಿನ. ಫೋನು ಹಚ್ಚಿದೆ, ಅತ್ತೆ ಎತ್ತಿದಳು.

“ಕುರಿ ಹೇಗಿದೆ ಅತ್ತೆ?”

“ನಿಂಗೆಂಗ್ ಗೊತ್ತಾಯ್ತವ್ವ? ನಿನ್ನೆಯಿಂದ ಮೆಲ್ಕೇ ಹಾಕ್ತಿಲ್ಲ. ಗಂಟ್ಲಲ್ಲಿ ಏನೋ ಸಿಕ್ಕಾಕ್ಕೊಂಡೈತೆ ಅಂತ ಬಾಯಿಗ್ ಕೈ ಹಾಕಿ ನೋಡುದ್ವಿ, ಏನೂ ಸಿಗ್ನಿಲ್ಲ. ಈಗ ನಿಮ್ಮಾವ ಗೊಟ್ಟ ಹಾಕಕ್ಕೆ ಕಷಾಯ ಕಾಯುಸ್ತಾವ್ನೆ.”

“ಯಾರು ಕೈ ಹಾಕಿದ್ದು?”

“ಇಬ್ರೂವೆ.”

ಮುಟ್ಟಬೇಡಿ, ಯಾರೂ ಮುಟ್ಟಬೇಡಿ, ಕೈ ಸೋಪಿನಲ್ಲಿ ತೊಳೀರಿ ಎಂದು ನಾನು ಕಿರುಚಿದ್ದು ಪಕ್ಕದ ತರಗತಿಗೂ ಕೇಳಿಸಿತಂತೆ. ಹೆಡ್ ಮಾಸ್ಟರಿಗೆ ಒಂದು ಮಾತು ಹೇಳಿ ಮಾಗಡಿ ಬಸ್ಸು ಹತ್ತಿದೆ. ಮಾಗಡಿಯಲ್ಲಿ ಇಳಿದು ಆಟೋ ಮಾಡಿಕೊಂಡು, ಆಟೋದವನಿಗೆ ಕಾಯಲು ಹೇಳಿ ಮಾವನ ಮನೆಯೊಳಗೆ ಓಡಿದಾಗ ಮಧ್ಯಾಹ್ನದ ಬಿಸಿಲು.

ಅವತ್ತು ನಾನು ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ಮಂದೆ ಇನ್ನೂ ಹೊಲಕ್ಕೆ ಹೋಗಿರಲಿಲ್ಲ. ಕುರಿಗಳೆಲ್ಲ ಬೇಲಿ ಕಟ್ಟಿದ ರೊಪ್ಪದ ಒಂದು ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಉಳಿದ ಜಾಗವೆಲ್ಲ ಆ ಒಂದು ಕುರಿಗೆ ಬಿಟ್ಟಿದ್ದವು. ಅದರ ಮೈಯಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಮೋಟು ಕಾಲು, ಅದೇ ಕಂದು ಉಣ್ಣೆ, ಒಣಗಿ ಮಾಯ್ದ ಕಿವಿ. ಮೇಲ್ದುಟಿ ಮಾತ್ರ ಸಣ್ಣಗೆ ಅದುರುತ್ತಿತ್ತು. ಬಾಯಿಂದ ಜೊಲ್ಲಿನ ಎಳೆ ನೆಲದವರೆಗೆ ಇಳಿದಿತ್ತು. ತನ್ನ ಪಕ್ಕೆಯ ಉಣ್ಣೆಯನ್ನು ತಾನೇ ಕಿತ್ತು ಕಿತ್ತು ಅಲ್ಲೊಂದು ಕೆಂಪು ಪಟ್ಟೆ ಮಾಡಿಕೊಂಡಿತ್ತು.

ಮಾವ ಬೇಲಿಯಾಚೆ ನಿಂತು ತುಟಿಯಲ್ಲಿ “ಬುರ್ರ್” ಎಂದ. ಅವನು ಹಾಗೆ ಅಂದರೆ ಆ ಕುರಿ ಎಲ್ಲಿದ್ದರೂ ಓಡಿ ಬಂದು ಅವನ ಮಡಿಲಲ್ಲಿ ರಾಗಿ ಹುಡುಕುತ್ತಿತ್ತು. ಈಗ ದನಿ ಬಂದ ಕಡೆ ತಲೆ ತಿರುಗಿಸಿತು. ಮಾವನನ್ನು ನೋಡಿತು. ಗುರುತು ಇರಲಿಲ್ಲ. ಬ್ಯಾ ಎನ್ನಲು ಬಾಯಿ ತೆರೆಯಿತು, ಒಡಕು ಗಂಟಲಿನ ಗಾಳಿ ಮಾತ್ರ ಬಂತು. ಆಮೇಲೆ ಬೇಲಿಯ ಗೂಟಕ್ಕೆ ಬಾಯಿ ಹಾಕಿ ಕಚ್ಚಿತು. ಕುರಿ ಕಚ್ಚುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಮಾವನೂ ನೋಡಿರಲಿಲ್ಲ. ಅದು ಗೂಟ ಬಿಡಲೇ ಇಲ್ಲ.

“ಇದು ನನ್ ಕುರಿ ಅಲ್ಲ” ಎಂದ ಮಾವ. ಕಷಾಯ ಕುಡಿಸಲು ಹಿಡಿದಿದ್ದ ಬಿದಿರಿನ ಗೊಟ್ಟ ಕೆಳಗೆ ಬಿತ್ತು, ಕಷಾಯವೆಲ್ಲ ಅವನ ಪಾದದ ಮೇಲೆ ಚೆಲ್ಲಿತು.

ನನಗೆ ಇನ್ನೊಂದು ವಿಷಯ ಗೊತ್ತಾದದ್ದು ಆಗಲೇ. ನನ್ನ ಕೈ ಬ್ಯಾಗಿನೊಳಗೆ ಪೆನ್ನು ಹುಡುಕುತ್ತಿತ್ತು. ಹಾವು ಮುಟ್ಟಿದಂತೆ ಕೈ ಹೊರಗೆಳೆದುಕೊಂಡೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಮಾವ ಬದುಕಿದ್ದಾನೆ, ಅತ್ತೆಯೂ ಬದುಕಿದ್ದಾಳೆ. ಸೂಜಿಗಳೆಲ್ಲ ಹೇಳಿದ ದಿನಕ್ಕೆ ಸರಿಯಾಗಿ ಬಿದ್ದವು. ಕುರಿ ಎರಡನೇ ದಿನ ಹಿಂಗಾಲು ಬಿದ್ದು ಸತ್ತಿತು, ಪಶುವೈದ್ಯರು ನಿಂತು ಆಳವಾಗಿ ಹೂಳಿಸಿದರು. ಕೊನೆಯವರೆಗೂ ಓದುಗರ ಉಸಿರು ಬಿಗಿಹಿಡಿಸುವ ವಿದ್ಯೆ ನನಗೆ ಗೊತ್ತು, ಈ ವಿಷಯದಲ್ಲಿ ಅದನ್ನು ಬಳಸಲು ಮನಸ್ಸಿಲ್ಲ.

ಸಂಪಾದಕರಿಗೆ ಕಥೆ ಕಳಿಸಲಿಲ್ಲ. ಕಾರಣ ಕೇಳಿದಾಗ, ತೋಳ ಆಗುವ ಸೀನು ತಪ್ಪಾಗಿದೆ ಎಂದೆ. “ಎಲ್ಲಿ ತಪ್ಪು? ಮೂಳೆ ಮುರಿಯೋದು ಸೂಪರ್ ಆಗಿರುತ್ತೆ ಅಂದಿದ್ರಲ್ಲ” ಎಂದರು. ಮೂಳೆಯೊಂದೂ ಮುರಿಯುವುದಿಲ್ಲ ಸಾರ್, ಬಾಯಿ ಆಡುವುದು ನಿಲ್ಲುತ್ತದೆ, ಕರೆದರೆ ಗುರುತು ಸಿಗುವುದಿಲ್ಲ, ಅಷ್ಟೇ ಎಂದೆ. ಅಷ್ಟಕ್ಕೆ ಯಾರು ಹೆದರುತ್ತಾರೆ ಎಂದು ನಕ್ಕರು. ಇನ್ನೂ ಒಂದು ತಪ್ಪಿತ್ತು, ಅದನ್ನು ಅವರಿಗೆ ಹೇಳಲಿಲ್ಲ. ನನ್ನ ಕಥೆಯಲ್ಲಿ ಆ ಗಾಯವನ್ನು ಯಾರೂ ನೋಡಿಯೇ ಇರಲಿಲ್ಲ. ನಿಜದಲ್ಲಿ ಒಬ್ಬರಾದರೂ ನೋಡಿರುತ್ತಾರೆ. ಹುಣ್ಣಿಮೆಯ ಬಗ್ಗೆ ಪುಟಗಟ್ಟಲೆ ಬರೆಯುವ ಬದಲು ಆ ಒಬ್ಬರ ಬಗ್ಗೆ ಬರೆಯಬೇಕಿತ್ತು.

ಇದು ನನಗೆ ಹೊಳೆದದ್ದು ನನ್ನ ಜಾಣತನದಿಂದಲ್ಲ. ಅವತ್ತು ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅತ್ತೆ ಒಂದೇ ಸಮನೆ ಅಳುತ್ತಿದ್ದಳು. ಮಾವ ಬಹಳ ಹೊತ್ತು ಹೊರಗೆ ನೋಡುತ್ತಿದ್ದವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಅವತ್ತು ನಿಂಗೆ ಕಾಲ್ ತೋರ್ಸುದ್ನಲ್ಲ ಮಗಾ. ನೀನು ಒತ್ತಿ ಒತ್ತಿ ನೋಡ್ದೆ, ಎಲ್ಲಾ ಬರ್ಕಂಡೆ. ಏನಾರ ಇದ್ದಿದ್ರೆ ನೀನೇ ಹೇಳ್ತಿದ್ದೆ ಅಂತ ನಾನು ಸುಮ್ಕಾದೆ. ಕುರಿ ಮಾತು ನಿಮ್ಮತ್ತೆಗ್ ಸಮಾಧಾನ ಮಾಡಕ್ಕೆ ಯೋಳಿದ್ದು. ಓದಿರೋಳು ನೀನೇ ಸುಮ್ಕಿದ್ದಿಯಲ್ಲ, ಅದಕ್ಕೇಯಾ ನಂಗೆ ಧೈರ್ಯ ಬಂದದ್ದು.”

ಇಷ್ಟು ಹೇಳಿ ಅವನು ಮತ್ತೆ ಹೊರಗೆ ನೋಡತೊಡಗಿದ.

ಆಸ್ಪತ್ರೆಯಲ್ಲಿ ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುವ ಹಾಗಾಯಿತು. ಚೀಟಿ ಬರೆಯುವವರು ಬೈದರು, ನರ್ಸ್ ಬೈದರು, ಸರದಿಯಲ್ಲಿ ನಿಂತಿದ್ದವರೂ ಬೈದರು. ಎಲ್ಲರ ಬೈಗುಳವೂ ಮಾವನಿಗೇ. ಅವನು ಟವಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೂಂ ಸಾ, ಹೂಂ ತಾಯಿ ಅನ್ನುತ್ತಿದ್ದ. ಡಾಕ್ಟರು ಇನ್ನೂ ಚಿಕ್ಕ ಪ್ರಾಯದವರು. ಕಾಲು ನೋಡಿ, ದಿನ ಕೇಳಿ, ತಲೆ ಮೇಲೆ ಕೈ ಇಟ್ಟುಕೊಂಡರು.

“ಹದಿನೆಂಟು ದಿನ ಏನ್ರೀ ಮಾಡ್ತಿದ್ರಿ? ಇದು ಬಂದ್ಮೇಲೆ ನಾವೇನೂ ಮಾಡಕ್ಕಾಗಲ್ಲ, ಗೊತ್ತಾ? ಮನೇಲಿ ಓದಿದೋರು ಒಬ್ರೂ ಇಲ್ವಾ ನಿಮಗೆ?”

ಮಾವ ನನ್ನತ್ತ ನೋಡಲಿಲ್ಲ.

“ಇಲ್ಲ ಸಾ. ನಾವು ಕುರಿ ಕಾಯೋ ಜನ.”

ಡಾಕ್ಟರು ತಲೆಯೆತ್ತಿ ನನ್ನ ಸೀರೆ, ಭುಜದ ಬ್ಯಾಗು, ಶಾಲೆಯ ಗುರುತಿನ ಚೀಟಿ ನೋಡಿದರು. “ಮತ್ತೆ ಇವರು?”

“ಅವ್ರು ಬ್ಯಾರೆ ಊರೋರು ಸಾ. ದಾರೀಲಿ ಸಿಕ್ಕುದ್ರು. ಪಾಪ, ಜೊತೇಗ್ ಬಂದವ್ರೆ.”

ಹೌದಾ ಎನ್ನುವಂತೆ ಡಾಕ್ಟರು ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.