ಎಂಜಿನ್ನಿಗೆ ಕಣಕದ ಅಳತೆ

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಜೀಪು ಆಗಲೇ ಅಂಗಳದಲ್ಲಿತ್ತು. ಮಾವನವರು ಅದನ್ನು ಶಹಾಬಾದಿನ ಕಲ್ಲುಗಣಿಯವರೊಬ್ಬರಿಂದ ಕೊಂಡು ತಂದಿದ್ದರಂತೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಹಳೆಯ ಕಾಲದ ಗಾಡಿ. ಮೊದಮೊದಲು ನನಗೆ ಅದರ ಮೇಲೆ ಹೊಟ್ಟೆಕಿಚ್ಚೇ ಇತ್ತು. ಅಮಾವಾಸ್ಯೆ ಬಂದರೆ ಮೊದಲು ಅದರ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕಾಯಿ ಒಡೆಯಬೇಕು. ಆಮೇಲೆಯೇ ನಮ್ಮ ಊಟ. ಹೊಸ ಸೊಸೆ ಹಸಿದಿದ್ದಾಳೆಯೇ ಎಂದು ಕೇಳಿದವರಿಲ್ಲ.

ನಮ್ಮೂರು ಕುರಕುಂಟಾದ ಮಳೆಗಾಲ ಕಂಡ ಮೇಲೆ ನಾನು ಬಾಯಿ ಮುಚ್ಚಿಕೊಂಡೆ. ನಮ್ಮ ತೊಗರಿ ಹೊಲ ಹಳ್ಳದಾಚೆ ಇದೆ. ಒಂದು ಮಳೆ ಬಿದ್ದರೆ ಸಾಕು, ಎರೆಮಣ್ಣಿನಲ್ಲಿ ಚಪ್ಪಲಿ ಉಳಿದು ಕಾಲಷ್ಟೇ ಮೇಲೆ ಬರುತ್ತದೆ. ಮೋಟಾರ್ ಸೈಕಲ್ಲು ಜಾರಿ ಬೀಳುತ್ತದೆ. ಟ್ರ್ಯಾಕ್ಟರೇನೋ ಹೋಗುತ್ತದೆ, ಆದರೆ ಮೊಣಕಾಲು ಕೈಕೊಟ್ಟ ಮೇಲೆ ಮಾವನವರಿಗೆ ಟ್ರ್ಯಾಕ್ಟರ್ ಹತ್ತುವುದು ಆಗದ ಮಾತು. ಜೀಪಿನಲ್ಲಾದರೆ ಸೀಟು ತಗ್ಗು, ಕುಳಿತು ಕಾಲು ಒಳಗೆ ಎಳೆದುಕೊಂಡರಾಯಿತು. ಓಡಿಸುವವರು ನನ್ನ ಗಂಡ, ಪಕ್ಕದ ಸೀಟು ಮಾವನವರದು. ಮುಂದಿನ ಗಾಲಿಗೂ ಬಲ ಕೊಡುವ ಸಣ್ಣ ಗೇರೊಂದು ಇಬ್ಬರ ನಡುವೆ ಇದೆ. ಅದನ್ನು ಹಾಕುವ ಹಕ್ಕು ಮಾವನವರೊಬ್ಬರದೇ. ತಲೆಗೂದಲು ನೆರೆತ ನನ್ನ ಗಂಡ ಇವತ್ತಿಗೂ ಅದನ್ನು ಮುಟ್ಟಿದರೆ ಕೈಮೇಲೆ ಏಟು ಬೀಳುತ್ತದೆ.

ಕಳೆದ ಬೇಸಿಗೆಯಲ್ಲಿ ಆ ಜೀಪಿನ ಎಂಜಿನ್ನು ಸೀಳು ಬಿಟ್ಟಿತು. ವಾಡಿಯಿಂದ ಮೇಸ್ತ್ರಿ ಬಂದರು. ಎಲ್ಲರೂ ಉಸ್ತಾದ್ ಎಂದು ಕರೆಯುವ, ಕೆಲಸಕ್ಕಿಂತ ಒಂದು ಕೈ ಹೆಚ್ಚೇ ಮಾತಾಡುವ ಮನುಷ್ಯ. ಹಳೆಯದು ಇನ್ನು ಏಳುವುದಿಲ್ಲ, ಚಿತ್ತಾಪುರದ ಗುಜರಿಯಲ್ಲಿ ಸರಕು ಗಾಡಿಯೊಂದರ ಡೀಸೆಲ್ ಎಂಜಿನ್ನಿದೆ, ಅದನ್ನೇ ಕೂರಿಸೋಣ ಎಂದರು. ತೊಡಕು ಒಂದೇ. ಆ ಎಂಜಿನ್ನಿನ ಹೊಟ್ಟೆ, ಎಂದರೆ ಎಣ್ಣೆ ತುಂಬುವ ತಳದ ಡಬ್ಬಿ, ಆಳವಾದದ್ದು. ಅದರ ಕೆಳಗೇ ಮುಂದಿನ ಎರಡು ಗಾಲಿಗಳನ್ನು ಕೂಡಿಸುವ ಆಕ್ಸಲ್ಲು ಬಂದು ತಾಗುತ್ತದೆ. ಅದಕ್ಕೆ ಉಸ್ತಾದ್ ಸುಲಭದ ದಾರಿ ಹೇಳಿದರು.

"ಮುಂದಿನ ಗಾಲಿಗಿ ತಾಕತ್ತು ಹೋಗೋದೇ ಬಂದ್ ಮಾಡಿಬಿಡಮು ಕಾಕಾ. ಈ ಆಕ್ಸಲ್ಲ ತೆಗದು ಸಾದಾದು ಹಾಕಮು. ಎಂಜಿನ್ನಾ ಬೇಕಾದಂಗ ಕೂಡ್ತದ. ರೋಡಿಗಿ ಅದು ಎದಕ ಬೇಕು?"

"ರೋಡಿಗಿ ಯಾರು ಹೊಂಟಾರ?" ಎಂದರು ಮಾವನವರು.

ಅಲ್ಲಿಂದ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಇಬ್ಬರದೂ. ಮಾವನವರು ಪಟ್ಟು ಬಿಡಲಿಲ್ಲ. ಮುಂದಿನ ಗಾಲಿಯ ಬಲ ಹೋದರೆ ಜೀಪು ಹಳ್ಳ ದಾಟುವುದಿಲ್ಲ. ಜೀಪು ದಾಟದಿದ್ದರೆ ಬಿತ್ತಿದ ಹೊಲವನ್ನು ಮಳೆ ಮುಗಿಯುವವರೆಗೆ ಅವರು ಇನ್ನೊಬ್ಬರ ಬಾಯಲ್ಲಿ ಕೇಳಬೇಕು. ಊಟ, ಔಷಧಿ ಯಾವುದಕ್ಕೂ ಹಟ ಮಾಡದ ಮನುಷ್ಯ ಆ ಒಂದಕ್ಕೆ ಹೆದರಿದ್ದರು. 

ಕಡೆಗೆ ಉಸ್ತಾದ್ ಒಪ್ಪಿದರು. ಬೋರಿನ ಮೋಟಾರು ಎತ್ತುವ ಮೂರು ಕಂಬಗಳನ್ನು ಅಂಗಳದಲ್ಲಿ ನಿಲ್ಲಿಸಿ, ಚೈನು ಕಟ್ಟಿ, ಹಳೆಯ ಎಂಜಿನ್ನನ್ನು ಮೇಲಕ್ಕೆಳೆದರು. ನಾನು ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದು ನಿಂತಿದ್ದೆ. ಇಷ್ಟು ವರ್ಷ ನಮ್ಮೆಲ್ಲರನ್ನೂ ಹೊತ್ತದ್ದು ಮಂಚದ ಅರ್ಧದಷ್ಟಿದ್ದ ಆ ಕಬ್ಬಿಣದ ಗಡ್ಡೆ! ಅದು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಜೀಪಿನ ಒಳಗೆ ಬಗ್ಗಿ ನೋಡಿದರೆ ಅದು ಇದ್ದ ಜಾಗದಲ್ಲಿ ನಮ್ಮ ಅಂಗಳಕ್ಕೆ ಹಾಸಿದ ಪರಸಿ ಕಲ್ಲು ಕಾಣಿಸಿತು.  ರೊಟ್ಟಿ ಸೀದು ಹೋಯಿತು, ಬೈಯಬೇಕಾದ ಅತ್ತೆಯೂ ಅಲ್ಲೇ ನಿಂತಿದ್ದರು.

ಹಳೆಯ ಗೇರುಡಬ್ಬಿಗೂ ಹೊಸ ಎಂಜಿನ್ನಿಗೂ ಮೈ ಹೊಂದುವುದಿಲ್ಲ. ಎರಡರ ನಡುವೆ ಕೂರುವ ದಪ್ಪ ಪ್ಲೇಟನ್ನು ಶಹಾಬಾದಿನ ಲೇತಿನಲ್ಲಿ ಮಾಡಿಸಿ ತಂದರು. ಹೊಟ್ಟೆಯ ಡಬ್ಬಿಯ ಮುಂಭಾಗ ಕೊಯ್ದು ಬೆಸುಗೆ ಹಾಕಿ ಗಿಡ್ಡ ಮಾಡಿದರು. ಎಲ್ಲ ಕೂರಿಸಿ ಕೀಲಿ ತಿರುಗಿಸಿದಾಗ ಎಂಜಿನ್ನು ಮೊದಲ ಸಲಕ್ಕೇ ಎದ್ದಿತು. ಬೇರೊಂದು ಗಾಡಿಯ ಜೀವ ನಮ್ಮ ಜೀಪಿನೊಳಗೆ ಬಂದು ಉಸಿರಾಡುತ್ತಿದೆ ಎಂದು ನನಗೆ ರೋಮಾಂಚನವಾಯಿತು. ಉಸ್ತಾದ್ ತಾವೊಬ್ಬರೇ ಕುಳಿತು ಸೇಡಂ ರಸ್ತೆಯಲ್ಲಿ ಓಡಿಸಿ ಬಂದು, ಮೀಸೆ ತಿರುವಿ, ಚಹಾ ಕೇಳಿದರು.

ಮರುದಿನ ಪೂಜೆ ಮಾಡಿ ಹೊಲಕ್ಕೆ ಹೊರಟೆವು. ನಮ್ಮ ಮನೆಯಲ್ಲಿ ಹೊಲಕ್ಕೆ ಹೊರಟರೆಂದರೆ ಒಬ್ಬಿಬ್ಬರಲ್ಲ. ಮಾವ, ಅತ್ತೆ, ಮೈದುನಂದಿರು, ನೆಗೆಣ್ಣಿಯರು, ಮಕ್ಕಳು, ಬುತ್ತಿಯ ಗಂಟು, ನೀರಿನ ಕೊಡ, ಜೊತೆಗೆ ಸುಮ್ಮನೆ ಹತ್ತಿದ ನೆರೆಮನೆಯ ಅಜ್ಜಿ. ಊರ ಹೊರಗಿನ ಮೊದಲ ತಗ್ಗಿಗೇ ಕೆಳಗೆ ಧಡ್ ಎಂದಿತು. ಇಳಿದು ನೋಡಿದರೆ ಒಣ ಮಣ್ಣಿನ ಮೇಲೆ ಕರಿಯ ಎಣ್ಣೆ ತೊಟ್ಟಿಕ್ಕುತ್ತಿತ್ತು. ಭಾರಕ್ಕೆ ಸ್ಪ್ರಿಂಗು ಕುಗ್ಗಿ ಆಕ್ಸಲ್ಲು ಎಂಜಿನ್ನಿನ ಹೊಟ್ಟೆಗೆ ಗುದ್ದಿತ್ತು.

ಉಸ್ತಾದರನ್ನು ಮತ್ತೆ ಕರೆಸಿದಾಗ ಅವರು ಗಾಡಿಯನ್ನಲ್ಲ, ನಮ್ಮನ್ನೇ ಬೈದರು. ಇದೇನು ಜೀಪೋ ಬಸ್ಸೋ ಎಂದರು. ಮಾವನವರು ಕೇಳಿಸಿಕೊಂಡು, "ಖಾಲಿ ಬಂಡಿ ನೋಡಿ ಅಳತಿ ಹಾಕಿದಿ. ಹೊಲಕ್ಕ ಖಾಲಿ ಬಂಡಿ ಯಾವಾಗಾರ ಹೋಗ್ತದೇನು?" ಎಂದಷ್ಟೇ ಹೇಳಿದರು.

ಹಾಗಾದರೆ ತುಂಬಿದ ಗಾಡಿ ಕುಣಿಯುವಾಗ ಕೆಳಗೆ ಎಷ್ಟು ಸಂದು ಉಳಿಯುತ್ತದೆಂದು ಅಳೆಯುವುದು ಹೇಗೆ? ಗಾಲಿ ಉರುಳುವಾಗ ಅಡಿಯಲ್ಲಿ ಮಲಗಿ ನೋಡಲು ಯಾರಿಗೂ ಎರಡು ಜೀವವಿಲ್ಲ. ಏನಾದರೂ ಮೆತ್ತನೆಯದು ಇಟ್ಟರೆ ಒತ್ತಿದ ಗುರುತು ಉಳಿಯುತ್ತದೆ ಎಂದರು ಉಸ್ತಾದ್. ನನ್ನ ಗಂಡ ಒಳಗೆ ಹೋಗಿ ನಾನು ನಾದಿಟ್ಟ ಜೋಳದ ಹಿಟ್ಟನ್ನೇ ತಂದು ಆಕ್ಸಲ್ಲಿನ ಮೇಲೆ ಮೆತ್ತಿದರು. ಅದು ಮೊದಲ ಕುಲುಕಿಗೇ ಬಿರಿದು ಉದುರಿತು. ಜೋಳದ ಹಿಟ್ಟಿಗೆ ಅಂಟೆಲ್ಲಿದೆ? ನಿತ್ಯ ರೊಟ್ಟಿ ತಿನ್ನುವ ಗಂಡಸರಿಗೆ ಅಷ್ಟೂ ತಿಳಿಯದೇ ಎಂದು ಸಿಡಿಮಿಡಿಗೊಂಡು ನಾನೇ ಗೋಧಿ ಹಿಟ್ಟಿಗೆ ಎಣ್ಣೆ ಹಾಕಿ, ಹೋಳಿಗೆಯ ಕಣಕದ ಹಾಗೆ ನಾದಿ ಕೊಟ್ಟೆ.

ಮನೆಮಂದಿಯೆಲ್ಲ ಮತ್ತೆ ಹತ್ತಿ ಕುಳಿತೆವು. ಅಜ್ಜಿಯನ್ನೂ ಬಿಡಲಿಲ್ಲ. ಅಂಗಳದಲ್ಲಿ ಪರಸಿ ಕಲ್ಲು ಅಡ್ಡ ಇಟ್ಟು ಜೀಪನ್ನು ಹತ್ತಿಸಿ ಇಳಿಸಿದರು. ಕಣಕ ಒತ್ತಿಹೋಗಿ ನಡುವೆ ಕಬ್ಬಿಣ ಕಂಡಿತು. ಎಂಜಿನ್ನಿನ ಕೂರಿಕೆಯನ್ನು ಎತ್ತರಿಸಿದರು, ಹೊಟ್ಟೆಯನ್ನು ಇನ್ನಷ್ಟು ಗಿಡ್ಡ ಮಾಡಿದರು, ಮತ್ತೆ ಕಣಕ, ಮತ್ತೆ ಸವಾರಿ. ಕೊನೆಯ ಸಲ ಉಸ್ತಾದ್ ಅಡಿಯಿಂದ ಕಣಕವನ್ನು ಒಡೆಯದ ಹಾಗೆ ಬಿಡಿಸಿ ತಂದು ನನ್ನ ಕೈಗಿಟ್ಟರು. ಒಂದು ಬೆರಳಿನಷ್ಟು ದಪ್ಪ ಉಳಿದಿತ್ತು. ಅದರ ಮೇಲೆ ಎಂಜಿನ್ನಿನ ಹೊಟ್ಟೆಯ ಬೋಲ್ಟುಗಳ ಗುರುತು ಒಂದೊಂದಾಗಿ ಮೂಡಿತ್ತು. ಯಾರೂ ನೋಡಲಾಗದ ಜಾಗ, ಯಾರ ಕೈಯೂ ಹೋಗದ ಸಂದು ನನ್ನ ಹಿಟ್ಟಿನಲ್ಲಿ ಅಚ್ಚಾಗಿ ಬಂದಿತ್ತು. ಮಾವನವರು ಅದನ್ನು ಇಸಿದುಕೊಂಡು ಆ ಗುರುತುಗಳ ಮೇಲೆ ಬೆರಳಾಡಿಸಿದರು.

ಮುಂಗಾರಿನ ಮಿರಗದ ಮಳೆ ಹಿಡಿದು ಸುರಿದು ನಿಂತಿತು. ಬಿತ್ತಿದ ತೊಗರಿ ಎದ್ದಿದೆ ಎಂದು ಮೈದುನ ಬಂದು ಹೇಳಿದ ದಿನವೇ ಹೊರಟೆವು. ಹಳ್ಳದ ಆಚೆಯ ದಂಡೆ ಏರುವಾಗ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿ ಗಾಡಿ ಜಾರತೊಡಗಿತು. ಮಾವನವರು ಮಗನಿಗೆ ಕ್ಲಚ್ ಒತ್ತಲು ಹೇಳಿ ಸಣ್ಣ ಗೇರನ್ನು ಎಳೆದರು. ಮುಂದಿನ ಗಾಲಿಗಳು ಮಣ್ಣು ಕಚ್ಚಿದವು. ಹೊಸ ಎಂಜಿನ್ನು ಅವಸರವಿಲ್ಲದೆ, ದಮ್ಮು ಕಟ್ಟಿ, ನಮ್ಮನ್ನೆಲ್ಲ ಹೊತ್ತುಕೊಂಡು ದಂಡೆ ಏರಿತು. ಕೆಳಗೆ ಏನೂ ಧಡ್ ಎನ್ನಲಿಲ್ಲ. ನಾನು ಕೈ ಮುಗಿದಿದ್ದೆ, ಯಾರಿಗೆಂದು ನನಗೇ ಗೊತ್ತಿಲ್ಲ.

ಹೊಲದಲ್ಲಿ ಮಾವನವರು ಚಪ್ಪಲಿ ಬಿಟ್ಟು ಇಳಿದರು. ಬಾನೆಟ್ಟು ಹಿಡಿದು ನಿಂತು, ಆಮೇಲೆ ಅದನ್ನೂ ಬಿಟ್ಟು, ಎರಡೆಲೆ ಒಡೆದ ಸಾಲಿನ ಪಕ್ಕ ನಾಲ್ಕು ಹೆಜ್ಜೆ ನಡೆದರು. ಹಿಡಿಯಲು ಹೋದ ನನ್ನನ್ನು ಕೈಯಿಂದಲೇ ತಡೆದರು. ಕಾಲು ಹುಗಿದಲ್ಲಿ ನೀರು ತುಂಬಿ ನಿಂತಿತು. ತಿರುಗಿ ಬರುವಾಗ ಅವರ ಮುಖ ತೊಳೆದಿಟ್ಟಂತಿತ್ತು.

ಜೀಪಿನಲ್ಲಿ ಕುಳಿತು ಕಾಲು ಒಳಗೆಳೆದುಕೊಂಡ ಮೇಲೆ ನನ್ನ ಕಡೆ ತಿರುಗಿದರು.

"ಯವ್ವಾ, ಹೋಗಾಗ ಸಣ್ಣ ಗೇರು ನೀ ಹಾಕು."

ನನ್ನ ಗಂಡ ಒಮ್ಮೆ ಅಪ್ಪನ ಕಡೆ ನೋಡಿ ಜೀಪು ಚಾಲು ಮಾಡಿದರು. ಹಳ್ಳ ಬಂದಾಗ ನಾನು ಹಿಂದಿನ ಸೀಟಿನಿಂದ ಬಗ್ಗಿ ಕೈ ಚಾಚಿದೆ. ಮಾವನವರು ಎರಡೂ ಕೈಗಳನ್ನು ಕೆಸರು ಮೆತ್ತಿದ ಮೊಣಕಾಲಿನ ಮೇಲೆ ಇಟ್ಟುಕೊಂಡು ಮುಂದೆ ನೋಡುತ್ತ ಕುಳಿತಿದ್ದರು.