ಕಡಲೆ ಹುಳಿಯೂ ರೋಣದ ತೇಜಾಬೂ

ನಮ್ಮ ಊರು ಯಾವಗಲ್ಲಿನಲ್ಲಿ ಯಾರಿಗೆ ಹೊಟ್ಟೆ ನೊಂದರೂ ದವಾಖಾನೆಗಿಂತ ಮೊದಲು ನಮ್ಮ ಮನೆಗೆ ಬರುತ್ತಿದ್ದರು. ನನ್ನ ಅಣ್ಣ ಶಿವನಪ್ಪನ ಹೆಂಡತಿ, ನನ್ನ ವೈನಿ ಹುಚ್ಚವ್ವ, ಬಂದವರಿಗೆ ಎರಡು ಚಮಚ ಕಡಲೆ ಹುಳಿಯನ್ನು ನೀರಿನಲ್ಲಿ ಕಲಸಿ ಕುಡಿಸಿ, ‘ಇನ್ನ ಮ್ಯಾಲರೆ ತಿನ್ನೂದು ಕಡಿಮಿ ಮಾಡು, ಖೋಡಿ’ ಎಂದು ಬೈದು ಕಳಿಸುವಳು. ನನ್ನ ಕೇಳಿದರೆ ಅರ್ಧ ಔಷಧ ಆ ಬೈಗುಳದಲ್ಲೇ ಇತ್ತು.

ಆ ಹುಳಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಚಳಿಗಾಲದ ನಸುಕಿನಲ್ಲಿ ನಾವೆಲ್ಲ ಕೌದಿ ಹೊದ್ದು ಬಿದ್ದಿರುವಾಗ ಅವಳು ಎರೆಹೊಲಕ್ಕೆ ಹೋಗಿ, ತೊಳೆದ ಬಿಳಿ ದೋತರವನ್ನು ಕಡಲೆ ಗಿಡಗಳ ಮೇಲೆ ಹಾಸಿ ಎಳೆಯುವಳು. ಎಲೆಯ ಹುಳಿ ಇಬ್ಬನಿಯ ಸಂಗಡ ಬಟ್ಟೆಗೆ ಇಳಿಯುತ್ತದೆ. ಅದನ್ನು ಮಣ್ಣಿನ ಗಡಿಗೆಗೆ ಹಿಂಡಿ, ತಿಳಿಯಾದ ಮೇಲೆ ಬಾಟಲಿಗೆ ತುಂಬುವಳು. ಬಿಸಿಲೇರಿತೋ, ಆ ದಿನದ ಹುಳಿ ಇಲ್ಲ. ಅವಳ ಬೆರಳು ಬಿರುಕು ಬಿಟ್ಟು ಉರಿಯುತ್ತಿದ್ದವು. ಅಣ್ಣನ ದೋತರಗಳೆಲ್ಲ ತೂತು ಬಿದ್ದು ಜರಡಿಯಾಗಿದ್ದವು. ‘ನಿನ್ನ ಹುಳಿ ಸಲುವಾಗಿ ನಾ ಲಂಗೋಟಿ ಮ್ಯಾಲ ತಿರಗಬೇಕಾಕ್ಕೈತಿ’ ಎಂದು ಅಣ್ಣ ಕೂಗಾಡುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ದನಿಯ ಮಾತು ಬಂದರೆ ಮಾತ್ರ ಅವಳ ಮುಖ ಬಾಡುತ್ತಿತ್ತು. ಅವಳೂ ಪಕ್ಕದ ಮನೆಯ ತಿಪ್ಪವ್ವನೂ ಒಂದೇ ಬೀಸುಕಲ್ಲಿಗೆ ಕೂತು ಹಾಡುತ್ತಿದ್ದರು. ತಿಪ್ಪವ್ವನ ಕಂಠ ಊರಿಗೆಲ್ಲ ಮೆಚ್ಚು. ವೈನಿಯದು ಭಾರವಾದ ದನಿ. ‘ನಿನ್ನ ಹುಳಿ ನೀನ ಕುಡದು ಗಂಟಲ ಸುಟಗೊಂಡಿ’ ಎಂದು ಗೆಳತಿಯರು ಕಾಡಿದರೆ ನಕ್ಕುಬಿಡುವಳು. ಆದರೆ ಮರುದಿನ ತುಸು ತಗ್ಗಿಸಿಯೇ ಹಾಡುವಳು.

೧೯೫೫ರ ಕೊನೆಗೆ ಧಾರವಾಡದ ರೇಡಿಯೋದವರು ನಮ್ಮ ತಾಲೂಕಿನ ಊರಾದ ರೋಣಕ್ಕೆ ಬಂದು, ಇವರಿಬ್ಬರನ್ನೂ ಅಲ್ಲಿಗೆ ಕರೆಸಿ ಬೀಸುವ ಪದ ಹಾಡಿಸಿ, ಯಂತ್ರದಲ್ಲಿ ಹಿಡಿದುಕೊಂಡು ಹೋದರು. ತಿಪ್ಪವ್ವನದು ಒಂದು ನುಡಿ, ವೈನಿಯದು ಒಂದು ನುಡಿ. ಬರುವ ಶನಿವಾರ ಸಂಜೆ ಕೇಳಿಸುತ್ತೇವೆ ಎಂದು ಆಮೇಲೆ ಹೇಳಿ ಕಳಿಸಿದರು. ವೈನಿಗೆ ಬೇರೆ ಧ್ಯಾನವೇ ಇಲ್ಲದಾಯಿತು.

‘ಹನುಮಪ್ಪಾ, ಹಾಡೂ ಮುಂದ ನನ್ನ ದನಿ ನನಗ ತಿಳಿಯೂದಿಲ್ಲೊ. ಅದು ಹ್ಯಾಂಗೈತಿ ಅಂತ ಒಮ್ಮೆರೆ ಹೊರಗ ನಿಂತು ಕೇಳಬೇಕು. ಕೆಟ್ಟದಿದ್ರ ಇರಲಿ, ಮುಂದ ಬಾಯಿ ಮುಚಗೊಂಡು ಬೀಸತೀನಿ’ ಎಂದಳು ನನಗೆ.

ಚಾವಡಿಯ ರೇಡಿಯೋ ನನ್ನ ವಶದಲ್ಲಿತ್ತು. ಬೇರೆಯವರು ಅದರ ಕಿವಿ ತಿರುವಿದರೆ ನಾನು ಅವರ ಕಿವಿ ತಿರುವುತ್ತಿದ್ದೆ. ಊರಿಗೆ ಕರೆಂಟಿಲ್ಲ, ಬ್ಯಾಟರಿಯೇ ಅದರ ಜೀವ. ಬ್ಯಾಟರಿಯೊಳಗೆ ಸೀಸದ ತಗಡು, ತಗಡು ಮುಳುಗುವಷ್ಟು ತೇಜಾಬು, ಅಂದರೆ ಮುಟ್ಟಿದರೆ ಸುಡುವ ಆಸಿಡ್ಡು. ಅದನ್ನು ತುಂಬಿ ಚಾರ್ಜು ಮಾಡಿಕೊಡುವವನು ರೋಣದ ನಿಜಾಮುದ್ದೀನ. ತೇಜಾಬು ಸಿಡಿದು ಅವನ ಪಾಯಿಜಾಮದ ತುಂಬ ತೂತು. ಒಮ್ಮೆ ಅವನು ಊರಿಗೆ ಬಂದಾಗ ವೈನಿ ಆ ತೂತುಗಳನ್ನು ಬಹಳ ಹೊತ್ತು ನೋಡಿದ್ದಳು.

ಆ ವಾರದ ಗುರುವಾರ ರೇಡಿಯೋ ಕುಂಯ್ ಎಂದು ಸಣ್ಣಗಾಯಿತು. ಮರುದಿನ ರೋಣಕ್ಕೆ ಒಯ್ಯೋಣವೆಂದು ಬ್ಯಾಟರಿಯನ್ನು ಮನೆಗೆ ತಂದು, ಬಿರಡೆ ತೆಗೆದು ಇಣುಕಿ, ‘ಒಳಗ ಕಡಿಮಿ ಆಗೈತಿ’ ಎಂದು ಪಡಸಾಲೆಯಲ್ಲಿಟ್ಟೆ. ಉಂಡು ಬರುವಷ್ಟರಲ್ಲಿ ವೈನಿ ಒಂದು ಬಾಟಲಿ ಕಡಲೆ ಹುಳಿಯನ್ನು ಅದರೊಳಗೆ ಸುರಿದುಬಿಟ್ಟಿದ್ದಳು!

‘ಏನ ಮಾಡಿದಿ ವೈನಿ!’

‘ತುಂಬಿಸಿದೆ. ಅವನ ಪಾಯಿಜಾಮಾ ತೂತ ಮಾಡಿದ್ದೂ, ನಿಮ್ಮಣ್ಣನ ದೋತರ ತೂತ ಮಾಡಿದ್ದೂ ಒಂದ ಮಾಲು. ಸುಮ್ಮನ ರೋಣಕ್ಕ ಯಾಕ ಹೋಗಬೇಕು?’

ಜೋಡಿಸಿ ನೋಡಿದೆ. ರೇಡಿಯೋ ಕುಂಯ್ ಎನ್ನುವುದನ್ನೂ ಬಿಟ್ಟಿತ್ತು. ಅಣ್ಣ ಬಿದ್ದು ಬಿದ್ದು ನಕ್ಕ: ‘ಮಂದಿ ಕೆಲಸಕ್ಕ ಹುಳಿ ಹಿಂಡಾವ್ರನ್ನ ನೋಡೀನಿ, ರೇಡಿಯೋಕ್ಕ ಹಿಂಡಿದಾಕಿ ನೀ ಒಬ್ಬಾಕಿನ ನೋಡವಾ!’ ವೈನಿ ನಗಲಿಲ್ಲ. ಖಾಲಿ ಬಾಟಲಿ ಹಿಡಿದುಕೊಂಡೇ ನಿಂತಿದ್ದಳು, ಕಣ್ಣು ತುಂಬಿದ್ದವು. ನನಗೆ ಮೈಯೆಲ್ಲ ಉರಿದಿತ್ತು, ಆದರೂ ಬೈಯದೆ ಬ್ಯಾಟರಿಯ ಬಿರಡೆ ಮುಚ್ಚಿದೆ.

ಶುಕ್ರವಾರದ ಮೊದಲ ಬಸ್ಸಿಗೆ ಬ್ಯಾಟರಿ ಹೊತ್ತು ಹೊರಟರೆ ವೈನಿಯೂ ಬೆನ್ನು ಹತ್ತಿದಳು. ನಿಜಾಮುದ್ದೀನ ಬಿರಡೆ ತೆಗೆದು ಮೂಸಿ, ‘ಯಾ ಅಲ್ಲಾ, ಇದಕ್ಕೇನ ಕುಡಿಸೀರಿ?’ ಎಂದ. ಅವಳೇ ಎಲ್ಲ ಹೇಳಿದಳು.

‘ಅವ್ವಾರ, ನಿಮ್ಮದು ಮನಷ್ಯಾರಿಗೆ ಔಷಧ. ಸೀಸಕ್ಕ ಅದು ಆಗಿಬರೂದಿಲ್ರಿ. ಇದು ಬ್ಯಾರೆ ಮಾಲು. ಗಂಧಕ ಸುಡತಾರ, ಆ ಹೊಗಿ ಹಿಡದು ನೀರಾಗ ಇಳಸತಾರ. ಮುಂಬೈ ಕಡೆ ದೊಡ್ಡ ಕಾರಖಾನಿ ಅದಾವ. ಗೊಬ್ಬರಕ್ಕ, ಬಣ್ಣಕ್ಕ, ಅಕ್ಕಸಾಲ್ಯಾರಿಗೆ, ಎಲ್ಲಾರಿಗೂ ಇದ ಬೇಕು.’

‘ಹೊಗಿ ಹಿಂಡತಾರ?’ ವೈನಿ ಕಣ್ಣರಳಿಸಿದಳು. ‘ನಾ ಇಬ್ಬನಿ ಹಿಂಡಿದ್ರ ಊರ ಮಂದಿ ನನ್ನ ನಗತಾರಲ್ಲೊ!’

ಅವನು ಬ್ಯಾಟರಿಯನ್ನು ಬರಿದು ಮಾಡಿ, ಹಿಡಿದಿಟ್ಟ ಮಳೆನೀರಿನಿಂದ ತೊಳೆದ. ಹುಲ್ಲು ಸುತ್ತಿದ ದೊಡ್ಡ ಗಾಜಿನ ಬುರುಡೆಯಿಂದ ತೇಜಾಬನ್ನು ನೀರಿರುವ ಜಾಡಿಗೆ ಸಣ್ಣ ಎಳೆಯಾಗಿ ಬಿಟ್ಟ. ತೇಜಾಬನ್ನು ನೀರಿಗೆ ಬಿಡಬೇಕಂತೆ. ನೀರನ್ನು ತೇಜಾಬಿಗೆ ಹಾಕಿದರೆ ಸಿಡಿದು ಮುಖ ಸುಡುತ್ತದಂತೆ. ವೈನಿ ಜಾಡಿಯ ಹೊರಮೈ ಮುಟ್ಟಿ ಫಕ್ಕನೆ ಕೈ ತೆಗೆದಳು. ‘ಅಯ್ಯ, ಒಲಿ ಇಲ್ಲದ ಕಾದೈತಿ!’ ಅದನ್ನು ಆರಿಸಿ ತುಂಬಿ, ಪಕ್ಕದ ಹಿಟ್ಟಿನ ಗಿರಣಿಯ ಎಂಜಿನ್ನಿಗೆ ಕಟ್ಟಿದ್ದ ಡೈನಮೋಕ್ಕೆ ತಂತಿ ಸಿಕ್ಕಿಸಿದ.

‘ತಗಡು ಉಳದಾವೋ ಇಲ್ಲೋ ನಾಳೆ ಮಧ್ಯಾಹ್ನ ಹೇಳತೀನ್ರಿ’ ಎಂದ. ರಾತ್ರಿ ಬಳಗದವರ ಮನೆಯಲ್ಲಿ ಉಳಿದೆವು. ವೈನಿ ರೊಟ್ಟಿ ಮುಟ್ಟಲಿಲ್ಲ. ಶನಿವಾರ ಮಧ್ಯಾಹ್ನ ನಿಜಾಮುದ್ದೀನ ತಂತಿ ತಾಗಿಸಿದ. ಚಟ್ಟನೆ ಕಿಡಿ ಹಾರಿತು. ‘ಉಳದಾವ, ಹೋಗ್ರಿ, ಲಗೂ ಹೋಗ್ರಿ!’ ಎಂದು ಅವನೇ ನಮಗಿಂತ ಅವಸರ ಮಾಡಿದ.

ಸಂಜೆ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಡಿಯೋ ಖಣಖಣ ಮಾತಾಡಿತು. ಮೊದಲು ತಿಪ್ಪವ್ವನ ನುಡಿ ಬಂತು, ಎಲ್ಲರೂ ತಲೆದೂಗಿದರು. ಎರಡನೆಯ ನುಡಿ ಶುರುವಾಗುತ್ತಲೇ ಗದ್ದಲವೆಲ್ಲ ನಿಂತಿತು. ವೈನಿ ದಿಗ್ಗನೆ ಎದ್ದಳು.

‘ನೋಡ್ರಿ, ಎಂಥಾ ಮೋಸ ಮಾಡ್ಯಾರ! ನನ್ನ ದನಿ ತಗದು ಯಾವಾಕೋ ಚಲೋ ಹಾಡಾಕಿದು ಹಾಕ್ಯಾರ!’

ತಿಪ್ಪವ್ವ ಅವಳ ಸೆರಗು ಜಗ್ಗಿದಳು. ‘ಕುಂದರ ಹುಚ್ಚಿ, ಅದು ನೀನ.’

ವೈನಿ ನಂಬದೆ ಅಣ್ಣನ ಮುಖ ನೋಡಿದಳು. ಅಣ್ಣ ಈ ಸಲ ನಗಲಿಲ್ಲ. ‘ನೀನ. ದಿನಾ ನಸುಕಿನ್ಯಾಗ ನನಗ ಎಚ್ಚರಾಗೂದು ಈ ದನಿಗೇನ’ ಎಂದ.

ಪದ ಮುಗಿಯುವ ತನಕ ಅವಳು ನಿಂತೇ ಕೇಳಿದಳು. ಮುಗಿದ ಮೇಲೆ ನಮ್ಮ ಕಡೆ ತಿರುಗಿದಳು. ಅವಳು ಸಿಟ್ಟಿಗೆದ್ದಿದ್ದಳು, ಅಳುತ್ತಲೂ ಇದ್ದಳು.

‘ಇಷ್ಟ ಚಲೋ ಐತಿ ಅಂತ ಇಷ್ಟು ವರ್ಷದಾಗ ನಿಮ್ಮೊಳಗ ಒಬ್ಬರರೆ ನನಗ ಹೇಳಬಾರದಿತ್ತ?’