ರೆಡ್ ಆಕ್ಸೈಡ್ ಜಟ್ಟಿ

ನಮ್ಮ ಮಾವಳ್ಳಿಯ ವೆಲ್ಡರ್ ಜಟ್ಟಿಗೆ ತುಕ್ಕು ಕಂಡರೆ ಮೈಯೆಲ್ಲ ಉರಿಯುತ್ತದೆ. ಈ ಕಡಲ ಉಪ್ಪುಗಾಳಿಯಲ್ಲಿ ಮೂವತ್ತು ವರ್ಷ ಗೇಟು, ಕಿಟಕಿ ಮಾಡಿದವ. ತುಕ್ಕು ತಡೆಯುವ ಕೆಂಪು ಬಣ್ಣ, ಆ ರೆಡ್ ಆಕ್ಸೈಡ್, ಬಳಿಯದೆ ಒಂದು ಚಿಲಕವನ್ನೂ ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ. ಮದುವೆಮನೆಗೆ ಹೋದರೂ ಅವರ ಗೇಟಿನ ಬುಡವನ್ನು ಉಗುರಿನಿಂದ ಕೆರೆದು ನೋಡಿದ ಮೇಲೆಯೇ ಊಟಕ್ಕೆ ಕೂರುವುದು.

ಅವನ ತಂಗಿಯ ಮಗಳು ಪವಿತ್ರಾಳಿಗೆ ಮಂಗಳೂರಿನಲ್ಲಿ ಇಂಧನ ಕೋಶದ ಸಂಶೋಧನೆ. ಹೈಡ್ರೋಜನ್‌ನಿಂದ ಕರೆಂಟು ತೆಗೆಯುವ ಆ ಯಂತ್ರದೊಳಗೆ ಎಂಟುನೂರು ಡಿಗ್ರಿ ಬಿಸಿ. ಆ ಬಿಸಿಗೆ ಉಕ್ಕಿನ ತಗಡು ಹೇಗೆ ತುಕ್ಕು ಹಿಡಿಯುತ್ತದೆಂದು ನೋಡುವುದೇ ಅವಳ ಕೆಲಸ.

ಮೊನ್ನೆ ರಜೆಗೆ ಬಂದವಳು, ಎರಡು ಸಾವಿರ ತಾಸು ಕುಲುಮೆಯಲ್ಲಿ ಬೆಂದ ತಗಡೊಂದನ್ನು ಮಾವನ ಕೈಗಿಟ್ಟಳು.

"ನೋಡು ಮಾವ, ಈ ಬೂದು ತುಕ್ಕಿನ ಪದರ ಒಂದು ಕಡೆಯೂ ಎದ್ದು ಉದುರಿಲ್ಲ. ಒಳಗಿನ ಉಕ್ಕನ್ನ ಇದೇ ಕಾಯ್ತದೆ. ಸೋಮವಾರ ಈ ತುಕ್ಕಿನ ದಪ್ಪ ಅಳೀಬೇಕು."

ಜಟ್ಟಿ ಪಾಪ ಎನಿಸಿದವನಂತೆ ತಲೆಯಾಡಿಸಿದ. ಅವಳು ಒಳಗೆ ಅತ್ತೆಯ ಹತ್ತಿರ ಚಾ ಕುಡಿದು ಬರುವಷ್ಟರಲ್ಲಿ ತಗಡು ಕೆಂಪಗಾಗಿ ಬಿಸಿಲಲ್ಲಿ ಒಣಗುತ್ತಿತ್ತು.

"ಗ್ರೈಂಡರ್ ಹಿಡಿದು ತುಕ್ಕೆಲ್ಲ ಕಿತ್ತು ಹಾಕಿದೆ ಮಗಾ," ಎಂದ ಜಟ್ಟಿ, ಬ್ರಷ್ ಒರೆಸುತ್ತ. "ಎರಡು ಸಾವಿರ ತಾಸು ನಿಂಗೆ ಆಗದ್ದು, ಹತ್ತು ನಿಮಿಷದಲ್ಲಿ ಆತು. ನಿನ್ನ ಸಾಹೇಬ್ರಿಗೆ ನನ್ನ ಹೆಸ್ರು ಹೇಳು."